ಮರಳಿಗೆ ಇಳಿಯುವ ಮುನ್ನ: ವಾಲ್ವ್ ಕೋರ್ ಬಿಚ್ಚುವ ಟೈರ್ ಡಿಫ್ಲೇಟರ್ ಹೇಗಿದೆ?

ಕಡಲತೀರದ ಸಡಿಲ ಮರಳಿನಲ್ಲಿ ಗಾಡಿ ಓಡಿಸಲು ಏನು ಕೊಳ್ಳಬೇಕು ಎಂದು ಕೇಳಿದರೆ ಹೆಚ್ಚಿನವರು ಮೊದಲು ರಿಕವರಿ ಬೋರ್ಡ್ (ಹೂತ ಚಕ್ರದಡಿ ತುರುಕುವ ಹಲ್ಲಿನ ಹಲಗೆ) ಅನ್ನುತ್ತಾರೆ, ಆಮೇಲೆ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಅನ್ನುತ್ತಾರೆ. ಎರಡೂ ಗಾಡಿ ಹೂತ ಮೇಲೆ ಬೇಕಾಗುವ ಸಾಮಾನು. ಅದರಲ್ಲೂ ಮರ, ಬಂಡೆ ಒಂದೂ ಇಲ್ಲದ ಬಯಲಿನಲ್ಲಿ ವಿಂಚ್‌ನ ಹಗ್ಗ ಕಟ್ಟಲು ಜಾಗವೇ ಸಿಗುವುದಿಲ್ಲ. ಗಾಡಿ ಹೂತುಹೋಗದಂತೆ ತಡೆಯುವುದು ಟೈರಿನೊಳಗಿನ ಗಾಳಿಯ ಒತ್ತಡ. ಅದನ್ನು ಸರಿಯಾಗಿ, ಬೇಗ, ನಾಲ್ಕೂ ಟೈರಿನಲ್ಲಿ ಒಂದೇ ಮಟ್ಟಕ್ಕೆ ಇಳಿಸಿಕೊಡುವ ಸಲಕರಣೆಯೇ ಡಿಫ್ಲೇಟರ್. ಇಲ್ಲಿ ಮುಖ್ಯವಾಗಿ ನೋಡುತ್ತಿರುವುದು ವಾಲ್ವ್ ಕೋರನ್ನೇ (ಟೈರಿನ ವಾಲ್ವಿನೊಳಗೆ ಕೂತು ಗಾಳಿ ತಡೆಯುವ ಪುಟ್ಟ ಪಿನ್ನಿನ ಭಾಗ) ಬಿಚ್ಚಿ ಗಾಳಿ ಬಿಡುವ ಬಗೆಯನ್ನು. ಎಆರ್‌ಬಿ ಕಂಪನಿಯ ಇ-ಝಡ್ ಡಿಫ್ಲೇಟರ್ ಈ ಜಾತಿಯದು. ಇದೇ ವಿನ್ಯಾಸದಲ್ಲಿ ಬೇರೆ ಬೇರೆ ಹೆಸರಿನ ಸಲಕರಣೆಗಳೂ ಬರುತ್ತವೆ.

ಮೊದಲು ಗಾಳಿಯ ಲೆಕ್ಕ. 2,000 ಕಿಲೋ ತೂಕದ ಗಾಡಿಯಲ್ಲಿ ಒಂದೊಂದು ಟೈರಿನ ಮೇಲೆ ಹೆಚ್ಚುಕಡಿಮೆ 500 ಕಿಲೋ ಭಾರ ಬೀಳುತ್ತದೆ. 32 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಒತ್ತಡದ ಅಳತೆ) ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ. ಹಾಗಾಗಿ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 220 ಚದರ ಸೆಂಟಿಮೀಟರ್. ಗಾಳಿಯನ್ನು 16ಕ್ಕೆ ಇಳಿಸಿದರೆ ಅದು 440ರ ಹತ್ತಿರ ಹೋಗುತ್ತದೆ. ಟೈರಿನ ಪಕ್ಕದ ಗೋಡೆಯೂ ಒಂದಷ್ಟು ಭಾರ ಹೊರುವುದರಿಂದ ನಿಜವಾದ ಅಂಕಿ ಇದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಬದಲಾವಣೆಯ ದಿಕ್ಕು ಇದೇ. ಗಮನಿಸಬೇಕಾದ ವಿಷಯ ಏನೆಂದರೆ, ಈ ಹೆಚ್ಚುವರಿ ಜಾಗ ಬರುವುದು ಬಹುಪಾಲು ಉದ್ದದಲ್ಲಿ, ಅಗಲದಲ್ಲಿ ಅಲ್ಲ. ಗಟ್ಟಿಯಾಗಿ ಗಾಳಿ ತುಂಬಿದ ಟೈರು ಮರಳಿನಲ್ಲಿ ಇಳಿದು ತನ್ನ ಮುಂದೆ ತಾನೇ ಗುಡ್ಡೆ ಒಟ್ಟಿಕೊಳ್ಳುತ್ತದೆ. ಇಂಜಿನ್ನಿನ ಶಕ್ತಿಯೆಲ್ಲ ಆ ಗುಡ್ಡೆ ಹತ್ತುವುದಕ್ಕೇ ಹೋಗುತ್ತದೆ. ಗಾಳಿ ಇಳಿದ ಟೈರು ಮರಳನ್ನು ಅಗೆಯದೆ ಅದರ ಮೇಲೆ ಉರುಳುತ್ತದೆ. ಅಗಲ ಟೈರು ಹಾಕಿಸಿ ಗಾಳಿ ಇಳಿಸದವರ ಗಾಡಿ ಹೂತು, ಸಾಧಾರಣ ಟೈರಿನಲ್ಲಿ ಗಾಳಿ ಇಳಿಸಿದವರ ಗಾಡಿ ದಾಟಿ ಹೋಗುವುದು ಇದೇ ಕಾರಣಕ್ಕೆ.

ಸಲಕರಣೆಯಲ್ಲಿ ಇರುವುದು ನಾಲ್ಕೇ ಭಾಗ. ವಾಲ್ವಿನ ಬಾಯಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ತಲೆ, ಅದರ ನಡುವೆ ಹಿಂದೆ ಮುಂದೆ ಜಾರುವ ಕಡ್ಡಿ, ಗಾಳಿ ಹೊರಬಿಡಲು ಜಾರುವ ಕೊರಳಪಟ್ಟಿ, ಒತ್ತಡ ತೋರಿಸುವ ಒಂದು ಗೇಜ್. ಬಳಸುವ ಕ್ರಮ ಹೀಗೆ. ಕಡ್ಡಿಯನ್ನು ಪೂರ್ತಿ ಹಿಂದಕ್ಕೆ ಎಳೆದಿಟ್ಟು, ತಲೆಯನ್ನು ಬೆರಳಲ್ಲೇ ವಾಲ್ವಿಗೆ ತಿರುಗಿಸಿ ಕೂರಿಸಿ. ಇಕ್ಕಳ ಬೇಡ. ಕಡ್ಡಿಯನ್ನು ಒಳಕ್ಕೆ ಒತ್ತಿ ನಿಧಾನವಾಗಿ ತಿರುಗಿಸಿದರೆ ಅದರ ತುದಿಯ ಸೀಳು ವಾಲ್ವ್ ಕೋರಿನ ಚಪ್ಪಟೆ ತಲೆಯನ್ನು ಹಿಡಿದದ್ದು ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿಂದ ಎಡಕ್ಕೆ ನಾಲ್ಕೈದು ಸುತ್ತು. ಕೋರ್ ಬಿಟ್ಟುಕೊಂಡ ಕೂಡಲೇ ಒಳಗಿನ ಗಾಳಿಯೇ ಕಡ್ಡಿಯನ್ನು ಹಿಂದಕ್ಕೆ ತಳ್ಳುತ್ತದೆ, ಗೇಜಿನ ಮುಳ್ಳು ಮೇಲೇಳುತ್ತದೆ. ಈಗ ಕೊರಳಪಟ್ಟಿ ಸರಿಸಿದರೆ ಗಾಳಿ ಭುಸ್ಸೆಂದು ಹೊರಬರುತ್ತದೆ. ಗಾಳಿ ಹರಿಯುತ್ತಿರುವಾಗ ಗೇಜ್ ತೋರಿಸುವುದು ಸುಳ್ಳು ಅಂಕಿ. ಪಟ್ಟಿ ಮುಚ್ಚಿ, ಮುಳ್ಳು ನಿಂತ ಮೇಲೆ ಓದಬೇಕು. ಬೇಕಾದ ಅಂಕಿ ಬಂದಾಗ ಕಡ್ಡಿ ಒಳಗೊತ್ತಿ ಬಲಕ್ಕೆ ತಿರುಗಿಸಿ ಕೋರ್ ಕೂರಿಸಿ, ಆಮೇಲೆ ತಲೆ ಬಿಚ್ಚಿ. ಕೀಲಿಕೈ ತುದಿಯಿಂದ ಪಿನ್ ಒತ್ತಿ ಹಿಡಿದು ಗಾಳಿ ಬಿಡುವುದಕ್ಕೆ ಹೋಲಿಸಿದರೆ ಸಮಯ ಎಷ್ಟೋ ಪಟ್ಟು ಉಳಿಯುತ್ತದೆ. ಬೇಗ ಆಗುವ ಕೆಲಸವನ್ನು ಜನ ತಪ್ಪದೆ ಮಾಡುತ್ತಾರೆ, ನಿಧಾನದ ಕೆಲಸವನ್ನು "ಇರಲಿ ಬಿಡು" ಎಂದು ಬಿಟ್ಟುಬಿಡುತ್ತಾರೆ. ಈ ಸಲಕರಣೆಯನ್ನು ನಾನು ಮೆಚ್ಚುವುದು ಮುಖ್ಯವಾಗಿ ಇದಕ್ಕೇ.

ಕೊಳ್ಳುವಾಗ ಗೇಜನ್ನು ಚೆನ್ನಾಗಿ ನೋಡಬೇಕು. ಮುಳ್ಳಿನ ಗೇಜುಗಳು ಅಳತೆಪಟ್ಟಿಯ ನಡುಭಾಗದಲ್ಲಿ ಹೆಚ್ಚು ನಿಖರ, ತುದಿಗಳಲ್ಲಿ ಕಡಿಮೆ. ಮರಳಿನಲ್ಲಿ ನಮಗೆ ಬೇಕಾದ ಅಂಕಿಗಳೆಲ್ಲ 12ರಿಂದ 20ರೊಳಗೆ. 0–60 ಪಿಎಸ್‌ಐ ಗೇಜ್ ಸಾಕು. 0–150 ಅಥವಾ 0–200ರ ಗೇಜ್ ಅಂಟಿಸಿದ ಅಗ್ಗದ ನಕಲುಗಳನ್ನು ಮುಟ್ಟಬೇಡಿ. ಅವುಗಳಲ್ಲಿ 14ಕ್ಕೂ 18ಕ್ಕೂ ನಡುವೆ ಕೂದಲೆಳೆಯಷ್ಟು ಅಂತರ.

ಕೆಡುವುದು ಎಲ್ಲಿ? ಒಂದು, ಕೋರ್ ವಾಪಸ್ ಕೂರಿಸುವಾಗ ಅದರ ಪುಟ್ಟ ಸೀಲಿಗೆ ಮರಳಿನ ಕಣ ಅಂಟಿದ್ದರೆ ಟೈರು ಗಂಟೆಗಟ್ಟಲೆ ಸಣ್ಣಗೆ ಸೋರುತ್ತಿರುತ್ತದೆ. ಕ್ಯಾಪ್ ತೆಗೆಯುವ ಮುಂಚೆ ವಾಲ್ವಿನ ಸುತ್ತ ಒರೆಸಿ. ಕೆಲಸ ಮುಗಿದ ಮೇಲೆ ವಾಲ್ವಿನ ಬಾಯಿಗೆ ಒಂದು ಹನಿ ಸೋಪಿನ ನೀರು ಬಿಡಿ. ಗುಳ್ಳೆ ಬಂದರೆ ಕೋರ್ ಇನ್ನೂ ಕಾಲು ಸುತ್ತು ಬೇಡುತ್ತಿದೆ ಎಂದರ್ಥ. ಕ್ಯಾಪ್ ಹಾಕುವುದನ್ನು ಮರೆಯಬಾರದು, ಮರಳನ್ನು ತಡೆಯುವುದು ಅದೇ. ಎರಡು, ತಲೆ ವಾರೆಯಾಗಿ ಕೂತರೆ ವಾಲ್ವಿನ ತಿರುಪು ಗೆರೆಗಳು ಹಾಳು. ಮೂರು, ಗೇಜಿನ ಭಾರಕ್ಕೆ ರಬ್ಬರ್ ವಾಲ್ವ್ ಬಾಗುತ್ತದೆ. ಹಳೆಯ, ಬಿರುಕು ಬಿಟ್ಟ ರಬ್ಬರ್ ಆದರೆ ಬುಡದಲ್ಲೇ ಸೀಳಬಹುದು. ಸಲಕರಣೆಯನ್ನು ಕೈಯಲ್ಲಿ ಹಿಡಿದೇ ಇರಿ, ಅದರಷ್ಟಕ್ಕೆ ತೂಗಲು ಬಿಡಬೇಡಿ. ನಾಲ್ಕನೆಯದು ಹೊಸ ಗಾಡಿಗಳ ಸಮಸ್ಯೆ: ಟೈರ್ ಒತ್ತಡದ ಸೆನ್ಸರ್ ಇರುವ ಅಲ್ಯೂಮಿನಿಯಂ ವಾಲ್ವಿಗೆ ನಿಕಲ್ ಲೇಪನದ ಕೋರನ್ನೇ ಹಾಕಬೇಕು. ಬರಿಯ ಹಿತ್ತಾಳೆ ಕೋರ್ ಹಾಕಿದರೆ ಉಪ್ಪು ತೇವ ಸೇರಿ ಎರಡು ಲೋಹಗಳ ನಡುವೆ ತುಕ್ಕು ಹಿಡಿದು ಕೋರ್ ಅಲ್ಲೇ ಕಚ್ಚಿಕೊಳ್ಳುತ್ತದೆ.

ಇದಕ್ಕೆ ಪರ್ಯಾಯ, ಸ್ಟೌನ್ ಕಂಪನಿಯ ಮಾದರಿಯ ಸ್ವಯಂಚಾಲಿತ ಡಿಫ್ಲೇಟರುಗಳು. ಮೊದಲೇ ಒತ್ತಡ ಹೊಂದಿಸಿಟ್ಟ ನಾಲ್ಕು ಸಣ್ಣ ತಲೆಗಳನ್ನು ನಾಲ್ಕೂ ವಾಲ್ವಿಗೆ ತಿರುಗಿಸಿದರೆ ಆಯಿತು, ಗೊತ್ತುಪಡಿಸಿದ ಮಟ್ಟಕ್ಕೆ ಬಂದಾಗ ಒಳಗಿನ ಸ್ಪ್ರಿಂಗ್ ಮುಚ್ಚಿಕೊಳ್ಳುತ್ತದೆ. ಒಂದೇ ಬಗೆಯ ಮರಳಿಗೆ ಪದೇ ಪದೇ ಹೋಗುವವರಿಗೆ ಇದು ಹೆಚ್ಚು ಅನುಕೂಲ. ಆದರೆ ಸ್ಥಳದಲ್ಲೇ 18 ಬೇಡ 14 ಬೇಕು ಅನ್ನಿಸಿದರೆ ಮತ್ತೆ ಹೊಂದಿಸುತ್ತ ಕೂರಬೇಕು, ಜೊತೆಗೆ ಬೇರೆ ಗೇಜೂ ಇರಲೇಬೇಕು.

ಎಷ್ಟಕ್ಕೆ ಇಳಿಸಬೇಕು? ಎತ್ತರದ ಪಕ್ಕಗೋಡೆ ಇರುವ ಟೈರಿನ ಫೋರ್ ವೀಲ್ ಡ್ರೈವ್ ಗಾಡಿಗೆ 18ರಿಂದ ಶುರು ಮಾಡಿ. ಗಾಡಿ ತಿಣುಕಿದರೆ 15–16. ಹೂತು ನಿಂತಾಗ ಹೊರಬರಲು ಮಾತ್ರ 12. ಅದಕ್ಕೂ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಅಪಾಯ ಹೆಚ್ಚು. ಸಾಮಾನು ತುಂಬಿದ ಭಾರದ ಗಾಡಿಗೆ ಒಂದೆರಡು ಪಿಎಸ್‌ಐ ಮೇಲೇ ಇರಲಿ. ಪಕ್ಕಗೋಡೆ ಗಿಡ್ಡ ಇರುವ 45, 50ರ (ಪಕ್ಕಗೋಡೆಯ ಎತ್ತರ ಟೈರಿನ ಅಗಲದ ಶೇಕಡ ಇಷ್ಟು) ಟೈರುಗಳಲ್ಲಿ ಗಾಳಿ ಇಳಿಸಿದರೂ ಲಾಭ ಕಡಿಮೆ, ರಿಮ್ ಪೆಟ್ಟಾಗುವ ಭಯ ಜಾಸ್ತಿ. ಇನ್ನೊಂದು ಮಾತು: ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಟೈರಿನ ಓದು ನಂಬಲರ್ಹವಲ್ಲ. ಬಿಸಿ ಇದ್ದಾಗ 16ಕ್ಕೆ ಇಟ್ಟ ಟೈರು 25 ಡಿಗ್ರಿ ತಣ್ಣಗಾದರೆ 14ರ ಹತ್ತಿರ ಬಂದು ನಿಲ್ಲುತ್ತದೆ. ಬಿಸಿಯಲ್ಲೇ ಇಳಿಸುವುದಾದರೆ ಎರಡು ಪಿಎಸ್‌ಐ ಉಳಿಸಿಕೊಳ್ಳಿ.

ಗಾಳಿ ಇಳಿಸಿದ ಗಾಡಿಯನ್ನು ರಸ್ತೆಯ ಗಾಡಿಯಂತೆ ಓಡಿಸಬಾರದು. ವೇಗ 30–40 ಕಿ.ಮೀ. ದಾಟದಿರಲಿ, ಸ್ಟೀರಿಂಗನ್ನು ಝಾಡಿಸಿ ತಿರುಗಿಸಬೇಡಿ. ಫೋರ್ ವೀಲ್ ಡ್ರೈವನ್ನು ಮರಳಿಗೆ ಇಳಿಯುವ ಮೊದಲೇ ಹಾಕಿಕೊಳ್ಳಿ. ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಿ. ಚಕ್ರ ಸ್ವಲ್ಪ ಜಾರಿದರೂ ಅದು ಇಂಜಿನ್ನಿನ ಶಕ್ತಿ ಕತ್ತರಿಸಿ, ಓಟ ಬೇಕಾದ ಹೊತ್ತಿಗೇ ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ನಿಲ್ಲಿಸುವಾಗ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಟ್ಟು ಗಾಡಿ ತಾನಾಗಿ ನಿಲ್ಲಲಿ. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರದ ಮುಂದೆ ಮರಳಿನ ದಿಬ್ಬ ಏಳುತ್ತದೆ, ಮತ್ತೆ ಹೊರಡುವಾಗ ಅದೇ ಅಡ್ಡ. ಆದಷ್ಟು ಮೂತಿ ಇಳಿಜಾರಿಗೆ ಇರುವಂತೆ ನಿಲ್ಲಿಸಿ. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ಒದ್ದೆ ಮರಳು ಗಟ್ಟಿ, ಕಣಗಳ ನಡುವಿನ ತೇವವೇ ಅವನ್ನು ಹಿಡಿದಿಟ್ಟಿರುತ್ತದೆ. ಮೇಲಿನ ಒಣ ಮರಳು ಸಡಿಲ. ಅಲೆಯ ಅಂಚಿನಲ್ಲಿ ನೀರು ತುಂಬಿದ ಮರಳು ಎಲ್ಲಕ್ಕಿಂತ ಮೋಸ, ಅಲ್ಲಿ ನಿಂತ ಚಕ್ರದ ಕೆಳಗಿನ ನೆಲ ಕರಗುತ್ತ ಹೋಗುತ್ತದೆ. ಪೂರ್ತಿ ಇಳಿತದ ಹಿಂದಿನ ಎರಡು ಗಂಟೆ, ಮುಂದಿನ ಎರಡು ಗಂಟೆ ಓಡಿಸಲು ಒಳ್ಳೆಯ ಹೊತ್ತು. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ನಿನ್ನೆಯ ಗಡಿಯಾರ ಇಂದಿಗೆ ನಡೆಯದು.

ಆಕ್ಸಿಲರೇಟರ್ ಒತ್ತುತ್ತಿದ್ದೀರಿ, ವೇಗ ಏರುತ್ತಿಲ್ಲ ಎಂದಾದರೆ ತಕ್ಷಣ ಕಾಲು ತೆಗೆಯಿರಿ. ಆ ಹಂತದಲ್ಲಿ ಬಂದ ಗಾಲಿಗುರುತಿನ ಮೇಲೇ ರಿವರ್ಸ್ ಹೋದರೆ ಬಹಳ ಸಲ ಗಾಡಿ ಹೊರಬರುತ್ತದೆ. ಚಕ್ರ ಗಿರ್ರನೆ ತಿರುಗಿಸುತ್ತ ಹೋದರೆ ಕ್ಷಣದಲ್ಲೇ ಚಾಸಿಯ ಹೊಟ್ಟೆ ನೆಲಕ್ಕೆ ಕೂರುತ್ತದೆ, ಆಮೇಲೆ ಸಲಿಕೆಯೇ ಗತಿ. ಹಾಗೆ ಕೂತಾಗ ಬೇಕಾಗುವುದು ಮ್ಯಾಕ್ಸ್‌ಟ್ರ್ಯಾಕ್ಸ್‌ನಂಥ ರಿಕವರಿ ಬೋರ್ಡು. ಅದು ಒಳ್ಳೆಯ ಸಾಮಾನು, ಆದರೆ ಅರ್ಧ ಕೆಲಸ ಸಲಿಕೆಯದು. ಮೊದಲು ಹೊಟ್ಟೆ ಮತ್ತು ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್‌ಪೆಟ್ಟಿಗೆ) ಕೆಳಗಿನ ಮರಳು ತೆಗೆಯಬೇಕು, ನಂತರ ಹೋಗಬೇಕಾದ ದಿಕ್ಕಿನಲ್ಲಿ ಚಕ್ರದ ಮುಂದೆ ಇಳಿಜಾರು ಮಾಡಿ, ಬೋರ್ಡಿನ ಹಲ್ಲು ಟೈರಿಗೆ ತಾಗುವಷ್ಟು ಒಳಗೆ ತುರುಕಬೇಕು. ಲೋ ರೇಂಜ್‌ನಲ್ಲಿ (ವೇಗ ಕಡಿಮೆ, ಬಲ ಹೆಚ್ಚು ಕೊಡುವ ಗೇರ್) ತೆವಳಿಸುತ್ತ ಹತ್ತಿಸಬೇಕು. ಚಕ್ರ ಜಾರಿದರೆ ಆ ಬಿಸಿಗೆ ನೈಲಾನ್ ಹಲ್ಲುಗಳು ಕರಗಿ ನುಣುಪಾಗುತ್ತವೆ. ಸವೆದ ಬೋರ್ಡ್ ನೋಡಿದರೆ ಓಡಿಸಿದವರ ಅವಸರ ಗೊತ್ತಾಗುತ್ತದೆ. ಬೋರ್ಡಿಗೆ ಬಣ್ಣದ ಪಟ್ಟಿ ಕಟ್ಟಿಡಿ, ಇಲ್ಲದಿದ್ದರೆ ಅದು ಮರಳಿನಡಿ ಸೇರಿ ಹುಡುಕಲು ಕಷ್ಟ. ಚಕ್ರದ ನೇರಕ್ಕೆ ಯಾರೂ ನಿಲ್ಲಬಾರದು. ಇನ್ನೊಂದು ಗಾಡಿಯಿಂದ ಎಳೆಸುವುದಾದರೆ ಭಾರಕ್ಕೆ ತಕ್ಕ ರಿಕವರಿ ಪಾಯಿಂಟಿಗೇ (ಎಳೆಯಲೆಂದೇ ಚಾಸಿಗೆ ಬಿಗಿದ ಕೊಕ್ಕೆ) ಹಗ್ಗ ಹಾಕಿ. ಟ್ರೇಲರ್ ಕಟ್ಟುವ ಗುಂಡಿಗೆ ಎಂದಿಗೂ ಬೇಡ. ಅದು ಮುರಿದು ಹಾರಿದರೆ ಜೀವ ತೆಗೆಯುತ್ತದೆ.

ಕಂಪ್ರೆಸರ್ (ಗಾಳಿ ತುಂಬುವ ಪಂಪು) ಇಲ್ಲದೆ ಡಿಫ್ಲೇಟರ್ ಕೊಳ್ಳಬೇಡಿ. ಮತ್ತೆ ತುಂಬಿಸಲಾಗದು ಎಂಬ ಅಳುಕೇ ಜನರನ್ನು 25 ಪಿಎಸ್‌ಐಗೆ ನಿಲ್ಲಿಸಿ ಹೂಳಿಸುತ್ತದೆ. 265/65 ಆರ್17 ಅಳತೆಯ ಟೈರಿನೊಳಗೆ ಸುಮಾರು 70 ಲೀಟರ್ ಜಾಗ ಇದೆ. 16ರಿಂದ 34ಕ್ಕೆ ಏರಿಸಲು ಹೊರಗಿನ ಗಾಳಿ 85 ಲೀಟರ್ ಚಿಲ್ಲರೆ ಒಳಗೆ ಹೋಗಬೇಕು. ಸಿಗರೇಟ್ ಸಾಕೆಟ್ಟಿಗೆ ಚುಚ್ಚುವ ಸಣ್ಣ ಕಂಪ್ರೆಸರ್ ಒತ್ತಡದ ಎದುರು ನಿಮಿಷಕ್ಕೆ 20 ಲೀಟರ್ ಕೊಟ್ಟರೆ ಒಂದು ಟೈರಿಗೆ ನಾಲ್ಕು ನಿಮಿಷದ ಮೇಲೆ, ನಾಲ್ಕಕ್ಕೆ ಹದಿನೇಳು. ಅಷ್ಟರಲ್ಲಿ ಬಿಸಿಯಾಗಿ ಅದು ಒಮ್ಮೆಯಾದರೂ ನಿಲ್ಲಬಹುದು. ಬ್ಯಾಟರಿಗೆ ನೇರ ಕ್ಲಿಪ್ ಹಾಕುವ, ನಿಮಿಷಕ್ಕೆ 70 ಲೀಟರಿಗೂ ಮೇಲಿನದು ಒಳ್ಳೆಯದು. ಪೆಟ್ಟಿಗೆಯ ಮೇಲಿನ ಅಂಕಿ ಒತ್ತಡವಿಲ್ಲದಾಗಿನದು ಎಂಬುದು ನೆನಪಿರಲಿ. ಇಂಜಿನ್ ಚಾಲೂ ಇಟ್ಟು, ಕಂಪ್ರೆಸರನ್ನು ಮರಳಿನ ಮೇಲಲ್ಲ, ಮ್ಯಾಟಿನ ಮೇಲಿಟ್ಟು ಓಡಿಸಿ.

ಡಾಂಬರು ರಸ್ತೆ ಸಿಕ್ಕ ಕೂಡಲೇ ಗಾಳಿ ತುಂಬಿಸಿಕೊಳ್ಳಿ. ಮನೆಗೆ ಬಂದ ಮೇಲೆ ಗಾಡಿಯ ತಳವನ್ನು ಸಿಹಿನೀರಿನಲ್ಲಿ ತೊಳೆಯುವಾಗ ಡಿಫ್ಲೇಟರಿನ ತಲೆಯನ್ನೂ ತೊಳೆದು, ಒಣಗಿಸಿ, ಕಡ್ಡಿಯ ಓ-ರಿಂಗಿಗೆ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಒಂದು ಚಿಟಿಕೆ ಸಿಲಿಕೋನ್ ಗ್ರೀಸ್ ಸವರಿ. ಗೇಜಿಗೆ ಮಾತ್ರ ನೀರು ಹೋಗಬಾರದು. ಅದರ ಚೀಲದಲ್ಲಿ ನಾಲ್ಕು ಹೊಸ ಕೋರ್, ನಾಲ್ಕು ಕ್ಯಾಪ್ ಇಟ್ಟಿರಿ. ಕಡ್ಡಿಯಿಂದ ಜಾರಿ ಮರಳಿಗೆ ಬಿದ್ದ ಕೋರನ್ನು ಹುಡುಕುವುದಕ್ಕಿಂತ ಹೊಸದನ್ನು ಹಾಕುವುದು ಸುಲಭ.