ಹೊಸೂರಿನಲ್ಲಿ ಬಾಡಿಗೆ ಮನೆ ನೋಡುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಬಾಡಿಗೆ ಕಡಿಮೆ ಅಂತ ಹೊಸೂರಿನಲ್ಲಿ ಮನೆ. ನಮ್ಮ ಹಾಗೆ ಬಂದವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅತ್ತಿಬೆಲೆ ದಾಟಿದ ಕೂಡಲೇ ತಮಿಳುನಾಡು, ಬಾಡಿಗೆಯ ಕಾನೂನೂ ಬೇರೆಯಾಗುತ್ತದೆ. ಇದನ್ನು ನಮಗೆ ಬ್ರೋಕರ್ ಹೇಳಲಿಲ್ಲ, ಓನರ್ ಅಂತೂ ಹೇಳಲೇ ಇಲ್ಲ.

ಬಾಡಿಗೆ 12,000 ರೂಪಾಯಿ. ಅಡ್ವಾನ್ಸ್ ಹತ್ತು ತಿಂಗಳದ್ದು, 1,20,000. ಹನ್ನೊಂದು ತಿಂಗಳ ಅಗ್ರಿಮೆಂಟನ್ನು ಬ್ರೋಕರೇ ಟೈಪ್ ಮಾಡಿಸಿ ತಂದಿದ್ದ. "ಹನ್ನೊಂದು ತಿಂಗಳಿಗೆ ರಿಜಿಸ್ಟ್ರೇಷನ್ ಬೇಕಿಲ್ಲ ಮೇಡಂ" ಅಂದ. ಮನೆಯಲ್ಲಿದ್ದಷ್ಟು ವರ್ಷವೂ ಬಾಡಿಗೆ ಒಂದು ದಿನ ತಡವಾಗಲಿಲ್ಲ. ಓನರ್ ಕನ್ನಡ ಬಲ್ಲವರು, ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸುವಷ್ಟು ಬಳಕೆ ಇತ್ತು.

ಎರಡು ತಿಂಗಳು ಮುಂಚೆಯೇ ತಿಳಿಸಿ ಯುಗಾದಿ ಕಳೆದ ಮೇಲೆ ಖಾಲಿ ಮಾಡಿದೆವು. ಬೀಗದ ಕೈ ತೆಗೆದುಕೊಂಡ ಓನರ್, "ಹೊಸಬರು ಬಂದು ಅಡ್ವಾನ್ಸ್ ಕೊಡ್ಲಿ, ಆಗ ನಿಮ್ದು ಕೊಡ್ತೀನಿ" ಅಂದರು. ಮಗಳ ಸ್ಕೂಲ್ ಫೀಸ್ ಕಟ್ಟುವ ಸಮಯ ಅದು. ನಮ್ಮವರು, "ಅಂಕಲ್, ಅರ್ಧವಾದರೂ ಈಗ ಕೊಡಿ" ಅಂತ ಕೇಳಿದರೆ ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ವಕೀಲರ ನೋಟಿಸ್ ಹೋದ ಮೇಲೆ 95,000 ಬಂತು, ಅದೂ ಎರಡು ಕಂತಿನಲ್ಲಿ. ಬಣ್ಣಕ್ಕೆ 12,000, ಕ್ಲೀನಿಂಗಿಗೆ 6,000, ಬೋರ್‌ವೆಲ್ ಮೋಟರ್ ರಿಪೇರಿಯಲ್ಲಿ ನಮ್ಮ ಪಾಲು ಅಂತ 4,500, ಇಬಿ (ಇಲ್ಲಿ ಕರೆಂಟ್ ಬಿಲ್ಲಿಗೆ ಹಾಗನ್ನುತ್ತಾರೆ) ಬಾಕಿ ಅಂತ 2,500 ಹಿಡಿದುಕೊಂಡರು. ಒಂದಕ್ಕೂ ಬಿಲ್ ತೋರಿಸಲಿಲ್ಲ. "ಬೆಂಗಳೂರಲ್ಲಿ ಎಲ್ಲರೂ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳಲ್ವೇನಮ್ಮ?" ಅಂತ ನನ್ನನ್ನೇ ಕೇಳಿದರು.

ಬೆಂಗಳೂರಿನಲ್ಲಿ ಹಿಡಿಯುತ್ತಾರೆ, ನಿಜ. ಆದರೆ ಹೊಸೂರು ತಮಿಳುನಾಡು. ಇಲ್ಲಿ ಮನೆ ಮಾಲೀಕರು ಮತ್ತು ಬಾಡಿಗೆದಾರರ ಹಕ್ಕು, ಹೊಣೆಗಳ ಬಗ್ಗೆ 2017ರ ಕಾನೂನಿದೆ, 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ, ಅಗ್ರಿಮೆಂಟಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಖಾಲಿ ಮಾಡಿದ ಒಂದು ತಿಂಗಳೊಳಗೆ, ನಿಜವಾದ ಬಾಕಿ ಕಳೆದು, ಹಣ ವಾಪಸ್ ಕೊಡಬೇಕು. ಹೊಸ ಬಾಡಿಗೆದಾರರು ಬರುವವರೆಗೆ ಕಾಯಿರಿ ಅನ್ನುವ ಮಾತು ಕಾನೂನಿನಲ್ಲಿ ಎಲ್ಲೂ ಇಲ್ಲ. ಇನ್ನು ನನ್ನ ಹೊಟ್ಟೆ ಉರಿಸಿದ್ದು ಬಣ್ಣದ ವಿಷಯ. ಯಾವ ರಿಪೇರಿ ಯಾರದ್ದು ಅಂತ ಆ ಕಾನೂನಿನ ಕೊನೆಯಲ್ಲೇ ಪಟ್ಟಿ ಇದೆ. ಗೋಡೆಗೆ ಸುಣ್ಣ ಬಳಿಯುವುದು, ಬಾಗಿಲು ಕಿಟಕಿಗೆ ಬಣ್ಣ ಹೊಡೆಸುವುದು, ಪೈಪು, ವೈರಿಂಗ್ ಎಲ್ಲ ಓನರ್ ಪಾಲಿಗೆ. ನಲ್ಲಿ, ಸ್ವಿಚ್ಚು, ಬೀಗ, ಕಿಟಕಿ ಗಾಜು ಇಂಥವು ನಮ್ಮ ಪಾಲಿಗೆ.

ಇಷ್ಟೆಲ್ಲ ಇದ್ದೂ ನಮ್ಮ 25,000 ಹೋಯಿತು. ಕಾರಣ ಆ ಅಗ್ರಿಮೆಂಟ್. ಹತ್ತು ತಿಂಗಳ ಅಡ್ವಾನ್ಸ್ ಅಂತಲೂ ಬಣ್ಣದ ಖರ್ಚು ಬಾಡಿಗೆದಾರರದ್ದು ಅಂತಲೂ ಅದರಲ್ಲೇ ಬರೆದಿತ್ತು. ಮೇಲಾಗಿ ನೋಂದಣಿ ಆಗಿರಲಿಲ್ಲ. ತಮಿಳುನಾಡಿನ ಪಟ್ಟಣಗಳಲ್ಲಿ ಹನ್ನೊಂದು ತಿಂಗಳದ್ದಾದರೂ ಅಗ್ರಿಮೆಂಟನ್ನು ಬಾಡಿಗೆ ಪ್ರಾಧಿಕಾರದಲ್ಲಿ (ಈ ಕಾನೂನಿನಡಿ ಇರುವ ಸರ್ಕಾರಿ ರೆಂಟ್ ಅಥಾರಿಟಿ) ನೋಂದಾಯಿಸಲೇಬೇಕು. ಆನ್‌ಲೈನಿನಲ್ಲೇ ಮಾಡಬಹುದು, ಒಂದು ನೋಂದಣಿ ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ಇಲ್ಲದ ಕಾಗದ ಹಿಡಿದು ಮುಂದೆ ಹೋದರೆ ಕಷ್ಟ ಅಂತ ವಕೀಲರು ಮೊದಲೇ ಹೇಳಿಬಿಟ್ಟರು.

ಆದ್ದರಿಂದ ದಯವಿಟ್ಟು ಬ್ರೋಕರ್ ತಂದ ಕಾಗದಕ್ಕೆ ಹಾಗೇ ಸಹಿ ಹಾಕಬೇಡಿ. ಬಣ್ಣದ ಸಾಲು ಇದ್ದರೆ ಹೊಡೆದು ಹಾಕಿಸಿ, "ಒಂದು ತಿಂಗಳೊಳಗೆ ವಾಪಸ್" ಅನ್ನುವುದನ್ನು ಬರೆಸಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಮನೆ ಊರಾಚೆಯ ಲೇಔಟಿನಲ್ಲಿದ್ದರೆ ಅದು ಹೊಸೂರು ಮಹಾನಗರ ಪಾಲಿಕೆಗೆ ಸೇರಿದ್ದೋ ಹಳ್ಳಿ ಪಂಚಾಯತಿಗೋ ವಿಚಾರಿಸಿ, ಯಾಕೆಂದರೆ ಈ ಕಾನೂನು ಪಟ್ಟಣ ಪ್ರದೇಶಕ್ಕೆ ಮಾತ್ರ. ನೋಂದಣಿ ಅಂದ ಕೂಡಲೇ ಮುಖ ತಿರುಗಿಸುವ ಓನರ್ ಆದರೆ ಆ ಮನೆಯ ಆಸೆ ಬಿಡಿ. ಈಗ ನಾವಿರುವ ಮನೆಯ ಓನರಮ್ಮ ಮೂರು ತಿಂಗಳ ಅಡ್ವಾನ್ಸಿಗೆ ಒಪ್ಪಿ, ನೋಂದಣಿಗೆ ತಮ್ಮ ಕಾಗದಪತ್ರ ತಾವೇ ತಂದುಕೊಟ್ಟರು. ಅಂಥವರೂ ಇದ್ದಾರೆ.

ಇನ್ನೊಂದು ವಿಷಯ. ಇಲ್ಲಿ ಇಬಿ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ. ಕೊನೆಯ ಬಿಲ್ ನಾವು ಹೋದ ಮೇಲೆ ಬರುತ್ತದೆ, ಅದೇ ನೆಪವಾಗಿ ಹಣ ನಿಲ್ಲಿಸುತ್ತಾರೆ. ಬೀಗದ ಕೈ ಕೊಡುವ ದಿನ ಓನರ್ ಎದುರಿಗೇ ಮೀಟರಿನ ಫೋಟೋ, ಎಲ್ಲ ಗೋಡೆಗಳ ವಿಡಿಯೋ ತೆಗೆದು ಅವರಿಗೇ ವಾಟ್ಸಾಪ್ ಮಾಡಿ. ಆಗಲೇ ಖಾಲಿ ಮಾಡಿ ಹಣಕ್ಕಾಗಿ ಅಲೆಯುತ್ತಿರುವವರು ಫೋನಿನಲ್ಲಿ ಬೇಡಿಕೊಳ್ಳುತ್ತಾ ಕೂರಬೇಡಿ. ತಿಂಗಳು ಮುಗಿದ ಮಾರನೆಯ ದಿನವೇ ಲೆಕ್ಕ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ.