ಸ್ಪ್ರಿಂಗ್ ಏರ್ ರೈಫಲ್‌ಗೆ ಸ್ಕೋಪ್: ಒಂಟಿ ಮೌಂಟೋ, ಜೋಡಿ ರಿಂಗೋ?

ನಳಿಕೆ ಮಡಚಿ ಲೋಡ್ ಮಾಡುವ 4.5 ಮಿ.ಮೀ. ಸ್ಪ್ರಿಂಗ್ ರೈಫಲ್, ಮೇಲೆ 11 ಮಿ.ಮೀ. ಡವ್‌ಟೇಲ್ (ಮೌಂಟ್ ಕಚ್ಚಿಕೊಳ್ಳುವ ಹಳಿ), 1 ಇಂಚು ಕೊಳವೆಯ ಸ್ಕೋಪ್ (ಗುರಿ ನೋಡುವ ದುರ್ಬೀನು), 10 ಮೀಟರ್ ದೂರದ ಗುರಿ. ಸ್ಕೋಪನ್ನು ರೈಫಲ್‌ಗೆ ಹಿಡಿಸುವ ಮೌಂಟ್ ಎರಡು ಬಗೆ: ಎರಡೂ ರಿಂಗ್ ಒಂದೇ ತಳಕ್ಕೆ ಕೂಡಿದ್ದು ಒಂಟಿ ಮೌಂಟ್, ಬಿಡಿಬಿಡಿಯಾದವು ಜೋಡಿ ರಿಂಗ್. ಈ ಜೋಡಣೆಗೆ ಎರಡನ್ನೂ ಕಟ್ಟಿ ನೋಡಿದ ಮೇಲೆ ನಮ್ಮ ಮತ ಒಂಟಿ ಮೌಂಟ್‌ಗೇ. ಜೋಡಿ ರಿಂಗ್ ಗೆಲ್ಲುವ ಜಾಗವೂ ಒಂದಿದೆ, ಅದು ಆಮೇಲೆ.

ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ. ಪಿಸ್ಟನ್ ಸಿಲಿಂಡರಿನ ತುದಿಯಲ್ಲಿ ಗಕ್ಕನೆ ನಿಂತಾಗ ರೈಫಲ್ ಮುಂದಕ್ಕೆ. ಈ ಎರಡನೆಯದೇ ಚುರುಕು. ರೈಫಲ್ ಮುಂದೆ ಸರಿದರೂ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುವುದರಿಂದ ಮೌಂಟ್ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಹಿಂದಕ್ಕೆ ಜಾರುತ್ತದೆ. ಮದ್ದಿನ ಬಂದೂಕಿಗೆಂದು ಮಾಡಿದ ಎಷ್ಟೋ ಸ್ಕೋಪ್‌ಗಳ ಒಳಗಿನ ಕೂಡುಗೆರೆ (ಗುರಿಗಿಡುವ ಅಡ್ಡ-ಲಂಬ ಗೆರೆ) ಇದೇ ಹೊಡೆತಕ್ಕೆ ಕಿತ್ತು ಬರುತ್ತದೆ. ಏರ್ ರೈಫಲ್‌ಗೆಂದೇ ಮಾಡಿದ್ದನ್ನೇ ಕೊಳ್ಳಿ.

ಜೋಡಿ ರಿಂಗ್‌ನಲ್ಲಿ ಜಾರದಂತೆ ತಡೆಯುವ ತಡೆಪಿನ್ ಸಾಮಾನ್ಯವಾಗಿ ಒಂದಕ್ಕೆ ಮಾತ್ರ. ಪಿನ್ ಇಲ್ಲದ್ದು ತನ್ನಷ್ಟಕ್ಕೆ ಜಾರಿ ಕೊಳವೆಯನ್ನು ಎಳೆಯುತ್ತದೆ, ಗುರಿ ದಿನಕ್ಕೊಂದು ಕಡೆ. ಒಂಟಿ ಮೌಂಟ್ ಇಡಿಯಾಗಿ ಹಿಡಿಯುತ್ತದೆ. ಕಟ್ಟುವ ಮುನ್ನ ಡವ್‌ಟೇಲಿನ ಎಣ್ಣೆಯನ್ನು ಸ್ಪಿರಿಟ್‌ನಿಂದ ಒರೆಸಿ. ಪಿನ್ ರೈಫಲ್ ಮೇಲಿನ ತೂತಿಗೆ ಇಳಿದ ಮೇಲೆ ಮೌಂಟನ್ನು ಹಿಂದಕ್ಕೆ ತಳ್ಳಿ, ತೂತಿನ ಹಿಂದಿನ ಗೋಡೆಗೆ ಪಿನ್ ಒತ್ತಿಕೊಂಡಾಗಲೇ ಸ್ಕ್ರೂ ಬಿಗಿ ಮಾಡಿ. ಈ ಒಂದು ತಳ್ಳು ಬಿಟ್ಟರೆ ಪಿನ್ ಇದ್ದೂ ದಂಡ.

ಒಂಟಿ ಮೌಂಟ್‌ನ ಕೊರತೆ, ರಿಂಗ್‌ಗಳ ನಡುವಿನ ಅಂತರ ಬದಲಿಸಲಾಗದು. ಕೆಲವು ಸ್ಕೋಪ್‌ಗಳಲ್ಲಿ ತಿರುಗಣೆಯ (ಗುರಿ ಹೊಂದಿಸುವ ಗುಬುಟಿನ) ಉಬ್ಬು ರಿಂಗ್‌ಗೆ ತಾಗಿ, ಕಣ್ಣಿಗೂ ಸ್ಕೋಪ್‌ಗೂ ನಡುವೆ ಬೇಕಾದ ದೂರ ಹೊಂದುವುದೇ ಇಲ್ಲ. ಅಂಥಲ್ಲಿ ಜೋಡಿ ರಿಂಗೇ ಗತಿ. ಪಿನ್ ಇರುವುದನ್ನು ಹಿಂದಕ್ಕೆ ಹಾಕಿ.

ಮಡಚುವ ನಳಿಕೆ ತುಸು ಕೆಳಗೆ ಬಾಗಿರುವುದು ಮಾಮೂಲು. ಆಗ ಏಟು ಕೆಳಗೆ ಬೀಳುತ್ತದೆ. ತಿರುಗಣೆಯನ್ನು ಕೊನೆಯವರೆಗೂ ಮೇಲೆತ್ತಿದರೆ ಒಳಗಿನ ಸ್ಪ್ರಿಂಗ್ ಸಡಿಲಾಗಿ ಗುರಿ ಅಲೆಯುತ್ತದೆ. ಬದಲಿಗೆ ಹಿಂದಿನ ರಿಂಗ್‌ನ ಕೆಳಭಾಗದಲ್ಲಿ, ಕೊಳವೆಯ ಅಡಿಗೆ, ತಂಪುಪಾನೀಯದ ಕ್ಯಾನ್‌ನಿಂದ ಕತ್ತರಿಸಿದ ತಗಡು ಇಡಿ. ಅದರ ದಪ್ಪ ಸುಮಾರು 0.1 ಮಿ.ಮೀ.; ರಿಂಗ್‌ಗಳ ಅಂತರ 100 ಮಿ.ಮೀ. ಇದ್ದರೆ 10 ಮೀಟರಿನಲ್ಲಿ ಏಟು 10 ಮಿ.ಮೀ. ಮೇಲೇರುತ್ತದೆ. ಮೂರಕ್ಕಿಂತ ಹೆಚ್ಚು ಪದರ ಬೇಡ, ಕೊಳವೆ ಬಾಗುತ್ತದೆ.

ನೇರ ಮಾಡಲು ರಸಮಟ್ಟವೋ, ಮೇಸ್ತ್ರಿಯ ತೂಕದ ಗುಂಡೋ? ಎರಡೂ ಬೇಕು, ಕೆಲಸ ಬೇರೆ. ಸ್ಕೋಪ್ ಇಡುವ ಮೊದಲು ರಿಂಗ್‌ಗಳ ಕೆಳಭಾಗದ ಅಂಚುಗಳ ಮೇಲೆ ಪುಟ್ಟ ರಸಮಟ್ಟ ಅಡ್ಡಲಾಗಿಟ್ಟು ರೈಫಲನ್ನು ಮಟ್ಟ ಮಾಡಿ, ಅಲ್ಲಾಡದಂತೆ ಹಿಡಿಸಿ. ಸ್ಕೋಪ್‌ಗೆ ಮಾತ್ರ ತೂಕದ ಗುಂಡು: ತಿರುಗಣೆಯ ಮುಚ್ಚಳ ಕೂಡುಗೆರೆಗೆ ಸರಿಯಾಗಿ ನೇರವಿರುತ್ತದೆ ಎಂದು ನಂಬುವಂತಿಲ್ಲ. 10 ಮೀಟರಿನಲ್ಲಿ ಬಿಳಿ ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟು, ಲಂಬಗೆರೆ ದಾರದ ಮೇಲೆ ಕೂರುವಂತೆ ಕೊಳವೆ ತಿರುಗಿಸಿ. ಬಿಗಿ ಮಾಡುವಾಗ ಕೊಳವೆ ತಿರುಗುವುದು ಖಚಿತ, ಹಾಗಾಗಿ ಸ್ಕ್ರೂಗಳನ್ನು ಓರೆಯೋರೆಯಾಗಿ ಕಾಲು ಸುತ್ತಿನಂತೆ, ಎರಡೂ ಬದಿಯ ಸಂದು ಸಮವಿರುವಂತೆ ಬಿಗಿಯಿರಿ. ಸುಮಾರು 1.7ರಿಂದ 2 ನ್ಯೂಟನ್ ಮೀಟರ್ ಸಾಕು.

ತಿರುಗಣೆ ಒಂದು ಸಲ ಟಿಕ್ಕೆಂದು ಸರಿಯುವುದೇ ಕ್ಲಿಕ್; ಎಂಓಎ ಎಂದರೆ ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗ. ಕಾಲು ಎಂಓಎ ಕ್ಲಿಕ್ ಎಂದರೆ 10 ಮೀಟರಿನಲ್ಲಿ ಸುಮಾರು 0.7 ಮಿ.ಮೀ.; 20 ಮಿ.ಮೀ. ಸರಿಸಲು 27-28 ಕ್ಲಿಕ್. ಒಂದೇ ಏಟು ನೋಡಿ ತಿರುಗಿಸಬೇಡಿ, ಐದು ಪೆಲೆಟ್‌ಗಳ ಗುಂಪಿನ ನಡುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಗುರಿ ಕೂತ ಮೇಲೆ ಮೌಂಟ್‌ನ ಹಿಂಬದಿಗೆ ಒತ್ತಿ ಡವ್‌ಟೇಲ್ ಮೇಲೊಂದು ಗೆರೆ ಎಳೆಯಿರಿ. ಐವತ್ತು ಏಟಿನ ನಂತರ ಆ ಗೆರೆ ಮೌಂಟ್‌ನ ಅಡಿಗೆ ಹೋಗಿದ್ದರೆ ಪಿನ್ ಸರಿಯಾಗಿ ಕೂತಿಲ್ಲ.