ದೆಹಲಿಯ ಒಎಸ್‌ಟಿ ಕೇಂದ್ರ: ಎಂಟು ತಿಂಗಳ ಅನುಭವ

ದೆಹಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿರುವ ಒಎಸ್‌ಟಿ (ಹೆರಾಯಿನ್‌ನಂಥ ಮಾದಕವಸ್ತುವಿನ ಬದಲಿಗೆ ಔಷಧ ಕೊಡುವ ಚಿಕಿತ್ಸೆ) ಕೇಂದ್ರಕ್ಕೆ ನನ್ನ ಅಕ್ಕನ ಮಗನನ್ನು ಎಂಟು ತಿಂಗಳಿಂದ ಕರೆದೊಯ್ಯುತ್ತಿದ್ದೇನೆ. ಹೆರಾಯಿನ್ ಚುಚ್ಚಿಕೊಳ್ಳುವವರಿಗೆ ಬುಪ್ರೆನಾರ್ಫಿನ್ ಎಂಬ ಬದಲಿ ಔಷಧದ ಮಾತ್ರೆಯನ್ನು ಪುಡಿಮಾಡಿ, ಸಿಬ್ಬಂದಿಯ ಕಣ್ಣೆದುರೇ ನಾಲಿಗೆಯಡಿ ಕರಗಿಸುವ ಈ ಚಿಕಿತ್ಸೆಗೆ ಒಂದು ರೂಪಾಯಿಯೂ ಖರ್ಚಿಲ್ಲ. ಇಲ್ಲಿಗೆ ಬರುವ ಮುನ್ನ ನಾವು ತೆತ್ತದ್ದನ್ನು ಹೇಳದೆ ಇದರ ಬೆಲೆ ತಿಳಿಸಲಾಗದು.

ಕಳೆದ ವರ್ಷ ಅವನ ತೋಳಿನಲ್ಲಿ ಕೀವುಗಟ್ಟಿತ್ತು. ನಾಚಿಕೆಯಿಂದ ಯಾರಿಗೂ ತೋರಿಸದೆ ತುಂಬುತೋಳಿನ ಅಂಗಿ ತೊಟ್ಟು ಓಡಾಡಿದ. ಚಳಿಜ್ವರ, ಏದುಸಿರು ಹೆಚ್ಚಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಿದಾಗ, ಚರ್ಮದ ಮೇಲೆ ವಾಸಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸೂಜಿಯ ದಾರಿಯಲ್ಲಿ ರಕ್ತಕ್ಕಿಳಿದು ಹೃದಯದ ಬಲಭಾಗದ ಕವಾಟದಲ್ಲಿ ನೆಲೆಯೂರಿದೆಯೆಂದೂ, ಅಲ್ಲಿಂದ ಕಳಚಿದ ತುಣುಕುಗಳು ಶ್ವಾಸಕೋಶ ಸೇರಿವೆಯೆಂದೂ ವೈದ್ಯರು ಹೇಳಿದರು. ಆರು ವಾರ ಡ್ರಿಪ್ ಮೂಲಕ ಆಂಟಿಬಯಾಟಿಕ್ ಕೊಡಬೇಕಿತ್ತು. ಹನ್ನೆರಡನೆಯ ದಿನಕ್ಕೇ ಬಿಲ್ಲು ಮೂರೂವರೆ ಲಕ್ಷ ದಾಟಿತು. ಮಾದಕವಸ್ತು ಸೇವನೆಗೆ ಸಂಬಂಧಿಸಿದ ಚಿಕಿತ್ಸೆ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲವೆಂಬ ಷರತ್ತನ್ನು ತೋರಿಸಿ ವಿಮಾ ಕಂಪನಿಯವರು ಕ್ಲೇಮ್ ತಿರಸ್ಕರಿಸಿದರು. ಅಕ್ಕ ದಾವಣಗೆರೆಯ ನಿವೇಶನವನ್ನು ಮಾರಿದರು. ಉಳಿದ ವಾರಗಳನ್ನು ಸರ್ಕಾರಿ ವಾರ್ಡಿನಲ್ಲಿ ಕಳೆದೆವು. ಅಲ್ಲಿನ ನರ್ಸ್ ಒಬ್ಬರು ಈ ಕೇಂದ್ರದ ದಾರಿ ತೋರಿಸಿದರು.

ಇಲ್ಲಿ ಯಾರೂ ಅವನನ್ನು ಜರೆಯಲಿಲ್ಲ. ಮೊದಲ ವಾರದಲ್ಲೇ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ (ಯಕೃತ್ತಿಗೆ ತಗುಲುವ ವೈರಸ್ ಸೋಂಕು) ಪರೀಕ್ಷೆ ಮಾಡಿಸಿದರು. ಎರಡನೆಯದು ಪತ್ತೆಯಾದಾಗ, 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸೋಫೋಸ್ಬುವಿರ್ ಮತ್ತು ಡಕ್ಲಾಟಾಸ್ವಿರ್ ಮಾತ್ರೆಗಳು ಹನ್ನೆರಡು ವಾರಗಳ ಕಾಲ ಉಚಿತವಾಗಿ ಸಿಕ್ಕವು. ನಡುವೆ ಅವನು ಎರಡು ಬಾರಿ ಮತ್ತೆ ಚುಚ್ಚಿಕೊಂಡ. ಆಗಲೂ ಹೆಸರು ತೆಗೆದುಹಾಕದೆ, ಹೊಸ ಸೂಜಿ ಒದಗಿಸುವ ಕಾರ್ಯಕರ್ತರನ್ನು ಪರಿಚಯಿಸಿ, ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವ ಬಗೆಯನ್ನು ಕಲಿಸಿದರು. ಇದು ನನಗೆ ಮೊದಲು ಸರಿಯೆನಿಸಲಿಲ್ಲ. ಒಮ್ಮೆ ಸೋಂಕು ತಗುಲಿದ ಕವಾಟಕ್ಕೆ ಅದು ಮತ್ತೆ ತಗುಲುವ ಅಪಾಯ ಹೆಚ್ಚೆಂದು ವೈದ್ಯರು ವಿವರಿಸಿದ ಮೇಲೆ ನನ್ನ ಆಕ್ಷೇಪವನ್ನು ಕೈಬಿಟ್ಟೆ.

ದೊಡ್ಡ ಕೊರತೆಯೆಂದರೆ ಸಮಯ. ಮಧ್ಯಾಹ್ನಕ್ಕೇ ಬಾಗಿಲು ಮುಚ್ಚುವ ಕೇಂದ್ರಕ್ಕೆ ಪ್ರತಿದಿನ ಬರಬೇಕೆಂದರೆ ದಿನಗೂಲಿಯವರು ಕೂಲಿಯನ್ನೋ ಮಾತ್ರೆಯನ್ನೋ ಬಿಡಬೇಕಾಗುತ್ತದೆ. ನಮ್ಮ ಹುಡುಗ ಇದರಿಂದಲೇ ಒಂದು ಕೆಲಸ ಕಳೆದುಕೊಂಡ. ಸಂಜೆ ಎರಡು ಗಂಟೆಗಳ ಕಾಲವಾದರೂ ತೆರೆದಿರಲಿ ಎಂದು ಲಿಖಿತವಾಗಿ ಕೋರಿದ್ದೇನೆ.

ಹೊಸದಾಗಿ ಹೋಗುವವರು ಒಂದು ವಿಷಯ ತಿಳಿದಿರಬೇಕು. ಹೆರಾಯಿನ್ ಅಮಲು ಇಳಿದು, ಆಕಳಿಕೆ, ಮೂಗು ಸೋರುವುದು, ಮೈಕೈ ನೋವು ಆರಂಭವಾದ ಮೇಲೆಯೇ ಮೊದಲ ಮಾತ್ರೆ ಕೊಡುತ್ತಾರೆ. ಅದಕ್ಕೂ ಮುಂಚೆ ಕೊಟ್ಟರೆ ಆ ಯಾತನೆ ಒಮ್ಮೆಲೇ ಉಲ್ಬಣಿಸುತ್ತದೆ. ಆದ್ದರಿಂದ ಕೊನೆಯದಾಗಿ ಚುಚ್ಚಿಕೊಂಡ ಹೊತ್ತನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.